ತಂಬಿಗೆಯ ತಳದ ನೀರು



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ದಸರಾ ರಜೆಯಲ್ಲಿ ನಾವು ಕರಾವಳಿಗೆ ಹೋಗಿಬಂದ ಫೋಟೊಗಳನ್ನು ಈ ಗುಂಪಿನಲ್ಲೇ ನೋಡಿದ್ದೀರಿ. ಫೋಟೊದಲ್ಲಿ ಇಲ್ಲದ ಒಂದು ಸಂಗತಿಯನ್ನು ಇವತ್ತು ಹೇಳಬೇಕಾಗಿದೆ.

ಮಂಗಳೂರಿನಲ್ಲಿ ಮೊದಲು ಕದ್ರಿಗೆ ಹೋದೆವು. ಅಲ್ಲಿನ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ. ಆಳುಪ ದೊರೆ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಅದು ಹೇಳುತ್ತದೆ. ‘ವಿಹಾರ’ ಎಂಬ ಆ ಒಂದು ಪದವನ್ನು ಮಗಳಿಗೆ ಎರಡೆರಡು ಸಲ ಹೇಳಿದೆ. ನನಗೆ ಅಷ್ಟು ಹೆಮ್ಮೆ.

ಅಲ್ಲಿಂದ 66ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆವು. ಏಳನೇ ತರಗತಿಯ ಮಗಳು ಸೇತುವೆ ಬಂದಾಗಲೆಲ್ಲ ಹೊಳೆಯ ಹೆಸರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು: ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ. ಮರವಂತೆಗೆ ಬಂದಾಗ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಕಾರು ನಿಲ್ಲಿಸಿ, ಮೇಷ್ಟರ ಬುದ್ಧಿ ಬಿಡದೆ ಪಾಠ ಮಾಡಿದೆ. ಗಂಗಾ, ಯಮುನಾ, ಅಚಿರಾವತಿ, ಸರಭೂ, ಮಹೀ ನದಿಗಳು ಸಮುದ್ರ ಸೇರಿದ ಮೇಲೆ ಹಳೆಯ ಹೆಸರು ಕಳೆದುಕೊಳ್ಳುತ್ತವೆ. ಹಾಗೆಯೇ ನಾಲ್ಕು ವರ್ಣದವರೂ ಸಂಘಕ್ಕೆ ಬಂದ ಮೇಲೆ ಹಳೆಯ ಕುಲ, ಗೋತ್ರ ಬಿಟ್ಟು ಶಾಕ್ಯಪುತ್ರ ಶ್ರಮಣರೆಂದೇ ಕರೆಸಿಕೊಳ್ಳುತ್ತಾರೆ ಎಂದು ಭಗವಾನರು ಹೇಳಿದ್ದನ್ನು ವಿವರಿಸಿದೆ. ಮಗಳು ಅದನ್ನೂ ಬರೆದುಕೊಂಡಳು.

ಅಂದೇ ರಾತ್ರಿ ಹೊನ್ನಾವರ ದಾಟಿ ಒಂದು ಮನೆಯಲ್ಲಿ ಉಳಿದೆವು. ಮನೆಯಾಕೆ ಒಳ್ಳೆಯವರು. ಬಿಸಿ ಗಂಜಿ, ಮೀನು ಸಾರು ಬಡಿಸುತ್ತಾ, “ನೀವು ಯಾವ ಜನ ಆಯ್ತು ಅಕ್ಕ?” ಎಂದರು. ಕೈತುತ್ತು ಬಾಯಿಗೆ ಹೋಗಲಿಲ್ಲ. ಬಾಯಿಗೆ ಬಂದ ಒಂದು ಜಾತಿಯ ಹೆಸರು ಹೇಳಿಬಿಟ್ಟೆ. ಅವರು ತಲೆಯಾಡಿಸಿ ಇನ್ನಷ್ಟು ಸಾರು ಹಾಕಿದರು. ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ.

ಊರಿಗೆ ಬಂದೆವು. ಶಾಲೆ ಶುರುವಾಯಿತು, ಟಿಫನ್ ಡಬ್ಬಿ, ಉತ್ತರ ಪತ್ರಿಕೆ, ಎಲ್ಲ ಮೊದಲಿನಂತೆ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಪಂಚಶೀಲ ಹೇಳುವಾಗ ಮಗಳು ಮೂರು ಶೀಲಗಳನ್ನು ಹೇಳಿ, ನಾಲ್ಕನೆಯದಕ್ಕೆ ಸುಮ್ಮನಾದಳು. ಐದನೆಯದಕ್ಕೆ ಮತ್ತೆ ದನಿಗೂಡಿಸಿದಳು. ಆಮೇಲೆ ಕೇಳಿದರೆ, “ಸಮುದ್ರ ಸೇರಿದ ಮೇಲೆ ಹಳೇ ಹೆಸರು ಇರಲ್ಲ ಅಂದೆ. ಮತ್ತೆ ನೀನ್ಯಾಕಮ್ಮ ಬೇರೆ ಯಾರದೋ ಹೆಸರು ಹೇಳಿದೆ?” ಎಂದಳು.

ಸಮಜಾಯಿಷಿ ನನ್ನ ಬಳಿ ಇತ್ತು. ರಾತ್ರಿಯಾಗಿತ್ತು, ಊರು ಹೊಸದು. ನಮ್ಮವ್ವ ಲೋಟ ಮುಟ್ಟದೆ ಬೊಗಸೆಯಲ್ಲಿ ನೀರು ಕುಡಿದವಳು. ಅವಳ ಭಯ ನನ್ನ ಗಂಟಲಲ್ಲಿ ಇನ್ನೂ ಇದೆ. ಆ ಪ್ರಶ್ನೆ ಕೇಳಿದ್ದೇ ತಪ್ಪು ಎಂಬುದೂ ನಿಜ. ಬಾಡಿಗೆ ಮನೆ ಸಿಗಲೆಂದು, ಕೆಲಸ ಉಳಿಯಲೆಂದು ಹೆಸರು ಮುಚ್ಚಿಡುವ ನಮ್ಮವರನ್ನು ನಾನು ದೂರಲಾರೆ. ಆದರೆ ಅಂದು ನನಗೆ ಅಂಥ ಕಷ್ಟವೇನೂ ಇರಲಿಲ್ಲ. “ನಾವು ಬೌದ್ಧರು” ಎಂಬ ನಿಜವಾದ ಉತ್ತರ ಕೈಯಲ್ಲೇ ಇತ್ತು. ಅದನ್ನು ಬಿಟ್ಟು ಅವ್ವನ ಭಯವನ್ನು ಮಗಳ ತಟ್ಟೆಗೂ ಬಡಿಸಿದ್ದೆ.

ಅಂಬಲಟ್ಠಿಕದಲ್ಲಿ ಭಗವಾನರು ಮಗ ರಾಹುಲನಿಗೆ ಹೇಳಿದ್ದು ನೆನಪಾಯಿತು. ಕಾಲು ತೊಳೆದು, ಪಾತ್ರೆಯ ತಳದಲ್ಲಿ ಉಳಿದ ತುಸು ನೀರನ್ನು ತೋರಿಸಿ, ತಿಳಿದೂ ಸುಳ್ಳು ಹೇಳಲು ನಾಚದವನ ಶ್ರಮಣತ್ವ ಇಷ್ಟೇ ಎಂದರು. ಆ ನೀರನ್ನು ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ ತೋರಿಸಿದರು. ಮಾತು ಅಲ್ಲಿಗೇ ಮುಗಿಯುವುದಿಲ್ಲ. ಕನ್ನಡಿ ಯಾತಕ್ಕೆ ಎಂದು ಕೇಳಿದರು. ನೋಡಿಕೊಳ್ಳಲು ಎಂದ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಮೂರು ಹೊತ್ತೂ ನೋಡಿಕೊಳ್ಳಬೇಕು. ಆಡಿದ ಮಾತು ತಪ್ಪೆಂದು ಕಂಡರೆ ಗುರುವಿನ ಮುಂದೆಯೋ ಬಲ್ಲ ಸಂಗಾತಿಗಳ ಮುಂದೆಯೋ ಬಿಚ್ಚಿ ಹೇಳಿ, ಮುಂದೆ ಎಚ್ಚರವಾಗಿರಬೇಕು ಎಂದರು.

ಮೊದಲ ಎರಡು ಹೊತ್ತು ನನಗೆ ಜಾರಿಹೋಗಿದ್ದವು. ಮೂರನೆಯದು ಉಳಿದಿತ್ತು. ಅಲ್ಲಿ ತಂದೆ ಮಗನಿಗೆ ಕಲಿಸಿದರು, ನಮ್ಮ ಮನೆಯಲ್ಲಿ ಮಗಳು ತಾಯಿಗೆ ಕಲಿಸಿದಳು.

ಅಂದು ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮನೆಯಾಕೆಗೆ ಫೋನ್ ಮಾಡಿದೆ. ಅಂದು ಹೇಳಿದ್ದು ಸುಳ್ಳು, ನಾವು ದಲಿತರು, ಬುದ್ಧನ ದಾರಿ ಹಿಡಿದವರು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಓ, ಹೌದಾ?” ಎಂದರು. ಫೋನ್ ಇಟ್ಟರು. ಅವರ ಮನಸ್ಸಿನಲ್ಲಿ ಏನಾಯಿತೋ ಅದು ಅವರ ಕರ್ಮ. ನನ್ನ ಕೈ ಮಾತ್ರ ನಡುಗುತ್ತಿತ್ತು, ಗಂಟಲು ಹಗುರವಾಗಿತ್ತು.

ಮುಂದಿನ ಭಾನುವಾರ ಮಗಳು ನಾಲ್ಕನೇ ಶೀಲವನ್ನೂ ಹೇಳಿದಳು. ಈ ಗುಂಪಿನಲ್ಲಿರುವ ನೀವೂ ನನ್ನ ಸಂಗಾತಿಗಳು. ಅದಕ್ಕೇ ನಿಮ್ಮ ಮುಂದೆಯೂ ಹೇಳಿಕೊಂಡೆ.

ಇಂದಿನ ಅಭ್ಯಾಸ: ಈ ವಾರ ನಾವು ಆಡಿದ ಒಂದು ಮಾತನ್ನು ರಾತ್ರಿ ಮಲಗುವ ಮೊದಲು ಕನ್ನಡಿಯಂತೆ ಎದುರಿಗಿಟ್ಟು ನೋಡೋಣ. ಸರಿಪಡಿಸಲು ಹೊತ್ತು ಮೀರಿಲ್ಲ.

ಎಲ್ಲರಿಗೂ ಮಂಗಳವಾಗಲಿ. 🙏