ಇಂದಿನ ಧಮ್ಮ ಚಿಂತನೆ: ಅತಿರೇಕ



ಮೊನ್ನೆ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದರು. ಕನ್ನಡ ಕಲಿಸುವ ನಾನೇ ಆ ತರಗತಿಗೆ ಹೋದೆ. ಪಾಠದಲ್ಲಿ ‘ಸೂಪರ್‌ಫ್ಲುಅಸ್’ ಎಂಬ ಪದ ಬಂತು. ಲ್ಯಾಟಿನ್ ಮೂಲದ ಪದ. ತುಂಬಿ ಮೇಲೆ ಹರಿದದ್ದು ಎಂಬುದು ಮೂಲಾರ್ಥ. ಬೇಕಾದುದಕ್ಕಿಂತ ಹೆಚ್ಚಾಗಿ ಬೇಡವಾದದ್ದು ಎಂಬುದು ಈಗಿನ ಬಳಕೆ. ಕನ್ನಡದಲ್ಲಿ ‘ಅತಿರೇಕ’ ಎನ್ನಬಹುದೆಂದು ಬೋರ್ಡಿನ ಮೇಲೆ ಬರೆದೆ.

ಅಷ್ಟರಲ್ಲಿ ತಿಕೋಟಾ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ತಡವಾಗಿ ಬಂದು ಬಾಗಿಲಲ್ಲಿ ನಿಂತಳು. ‘ನಾಳೆಯಿಂದ ಹೊತ್ತಿಗೆ ಸರಿಯಾಗಿ ಬಾ’ ಎಂದಿದ್ದರೆ ಸಾಕಿತ್ತು. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳ ಓದು, ಮನೆ, ತಾಯಿ ಎಲ್ಲವನ್ನೂ ಎಳೆದು ತಂದು ಬೈದೆ. ಅವಳು ತಲೆ ತಗ್ಗಿಸಿ ಹೋಗಿ ಕುಳಿತಳು.

ಆಮೇಲೆ ಆ ಪದಕ್ಕೆ ಉದಾಹರಣೆ ಕೇಳಿದೆ. ಯಾರೂ ಹೇಳಲಿಲ್ಲ. ಅವಳೇ ಎದ್ದು ನಿಂತಳು: ‘ದ್ರಾಕ್ಷಿ ಗೊಂಚಲದಾಗ ಹೆಚ್ಚಾದ ಕಾಯಿ ಕತ್ತರಿಸಿ ತಗೀತಾರಲ್ರೀ ಸರ್, ಅದು. ಹಂಗ ಬಿಟ್ರ ಉಳಿದ ಕಾಯಿ ದಪ್ಪ ಆಗಂಗಿಲ್ರೀ. ಮುಂಜಾನೆ ಅವ್ವನ ಜೋಡಿ ಅದ ಕೆಲಸಕ್ಕ ಹೋಗಿದ್ನಿರೀ.’

ನನಗೆ ಮುಂದೆ ಪಾಠ ಮಾಡಲಾಗಲಿಲ್ಲ.

ಬಂಧುಗಳೇ, ‘ಅತಿರೇಕ’ ಎಂಬ ಪದ ಪಾಲಿ ವಿನಯದಲ್ಲೂ ಇದೆ. ಭಿಕ್ಷುವಿಗೆ ಮೂರು ಚೀವರಗಳು. ಅದಕ್ಕಿಂತ ಹೆಚ್ಚಿನದು ‘ಅತಿರೇಕ ಚೀವರ’. ಅದನ್ನು ಇಟ್ಟುಕೊಳ್ಳಬಾರದೆಂಬ ನಿಯಮವಿದ್ದಾಗ ಆನಂದರಿಗೆ ಅಂಥದೊಂದು ಚೀವರ ಸಿಕ್ಕಿತು. ಸಾಕೇತದಲ್ಲಿದ್ದ ಸಾರಿಪುತ್ತರಿಗೆ ಅದನ್ನು ಕೊಡಬೇಕೆಂಬುದು ಅವರ ಆಸೆ. ‘ಸಾರಿಪುತ್ತರು ಬರಲು ಎಷ್ಟು ದಿನ?’ ಎಂದು ಭಗವಾನರು ಕೇಳಿದರು. ಒಂಬತ್ತೋ ಹತ್ತೋ ದಿನ ಎಂದರು ಆನಂದರು. ಆಗ ಹೆಚ್ಚಿನ ಚೀವರವನ್ನು 10 ದಿನದವರೆಗೆ ಇಟ್ಟುಕೊಳ್ಳಲು ಭಗವಾನರು ಅನುಮತಿ ನೀಡಿದರು.

ಇದರಿಂದ ನಾನು ತಿಳಿದದ್ದು ಇಷ್ಟು. ಹೆಚ್ಚಾದದ್ದು ನಮ್ಮ ಬಳಿ ಇದ್ದಾಗ ‘ಇದು ಯಾರಿಗಾಗಿ?’ ಎಂದು ಕೇಳಿಕೊಳ್ಳಬೇಕು. ಮಾತಿಗೂ ಇದೇ ಅಳತೆ. ಹೊತ್ತಿಗೆ ಬಾ ಎಂಬ ಮಾತು ಆ ಹುಡುಗಿಗಾಗಿ. ಉಳಿದವೆಲ್ಲ ನನ್ನ ಸಿಟ್ಟಿಗಾಗಿ. ವ್ಯರ್ಥ ಮಾತನ್ನು ಬಿಡುವುದೂ ಸಮ್ಮಾ ವಾಚಾದ ಭಾಗ ಎಂದು ಎಷ್ಟೋ ಸಲ ನಾನೇ ಹೇಳಿದ್ದೇನೆ! ನಮ್ಮ ಗೋಳಗುಮ್ಮಟದಲ್ಲಿ ಒಮ್ಮೆ ಆಡಿದ ಮಾತು ಹಲವು ಸಲ ಮರಳಿ ಕೇಳುತ್ತದೆ. ಮಕ್ಕಳ ಮನಸ್ಸೂ ಹಾಗೆಯೇ.

ಮರುದಿನ ಇಡೀ ತರಗತಿಯ ಎದುರು ಅವಳಿಗೆ ‘ನಂದು ತಪ್ಪಾತವ್ವ’ ಎಂದೆ.

ಇಂದಿನ ಅಭ್ಯಾಸ: ಯಾರನ್ನಾದರೂ ತಿದ್ದುವಾಗ ಮೊದಲ ಮಾತಿನ ನಂತರ ಒಂದು ಉಸಿರು ನಿಲ್ಲೋಣ. ಎರಡನೆಯ ಮಾತು ಯಾರಿಗಾಗಿ ಎಂದು ನೋಡಿಕೊಳ್ಳೋಣ.

ಭವತು ಸಬ್ಬ ಮಂಗಲಂ 🙏