ಮನೆಯಲ್ಲಿ ಕಲಿಸುವ ತಾಯಿಗೆ ಆಸರೆ ಯಾರು?



ಪವಿತ್ರ ಕುರ್‌ಆನಿನ ಮೂರನೆಯ ಅಧ್ಯಾಯವಾದ ಆಲಿ ಇಮ್ರಾನ್‌ನಲ್ಲಿ ಹ. ಮರ್ಯಮ್(ಅ)ರ ಬಾಲ್ಯದ ವೃತ್ತಾಂತವಿದೆ. ಮಗು ಗರ್ಭದಲ್ಲಿದ್ದಾಗಲೇ ತಾಯಿ ಅದನ್ನು ಅಲ್ಲಾಹನ ಸೇವೆಗೆಂದು ಹರಕೆ ಹೊತ್ತರು. ಹುಟ್ಟಿದ್ದು ಹೆಣ್ಣುಮಗು. ಅಲ್ಲಾಹನು ಆ ಮಗುವನ್ನು ಸ್ವೀಕರಿಸಿದನು, ಚೆನ್ನಾಗಿ ಬೆಳೆಸಿದನು ಮತ್ತು ಝಕರಿಯ್ಯಾ(ಅ)ರನ್ನು ಅದರ ಪೋಷಕರನ್ನಾಗಿ ಮಾಡಿದನು. ಅದೇ ಅಧ್ಯಾಯದ 44ನೆಯ ಸೂಕ್ತದಲ್ಲಿ ಇನ್ನೊಂದು ಸಂಗತಿಯಿದೆ. ಮರ್ಯಮರನ್ನು ಯಾರು ಸಾಕಬೇಕು ಎಂಬ ಬಗ್ಗೆ ಅಲ್ಲಿನವರಲ್ಲಿ ಪೈಪೋಟಿಯೇ ನಡೆಯಿತು. ಕೊನೆಗೆ ಲೇಖನಿಗಳನ್ನು ಎಸೆದು ಚೀಟಿ ಎತ್ತಿದಂತೆ ನಿರ್ಣಯ ಮಾಡಬೇಕಾಯಿತು.

ಸ್ವಲ್ಪ ಯೋಚಿಸಿ ನೋಡಿರಿ. ಬೇರೆಲ್ಲ ಮಕ್ಕಳಿಗಿಂತ ಭಿನ್ನವಾದ ರೀತಿಯಲ್ಲಿ ಬೆಳೆಯಬೇಕಾಗಿದ್ದ ಮಗು ಅದು. ಸ್ವತಃ ಅಲ್ಲಾಹನೇ ಸ್ವೀಕರಿಸಿದ್ದ ಮಗು. ಆದರೂ ಅದಕ್ಕೊಬ್ಬ ಪೋಷಕರು ಬೇಕಾದರು. ಆ ಹೊಣೆ ನನಗಿರಲಿ, ನನಗಿರಲಿ ಎಂದು ಜನರು ಮುಂದೆ ಬಂದರು. ಇಂದು ನಮ್ಮ ಓಣಿಯಲ್ಲಿ ಒಬ್ಬ ತಾಯಿ ತನ್ನ ಮಗುವನ್ನು ಬೇರೆ ರೀತಿಯಲ್ಲಿ ಬೆಳೆಸಲು ಹೊರಟರೆ ನಾವು ಏನು ಮಾಡುತ್ತೇವೆ? ತಪ್ಪು ಯಾರದು ಎಂದು ವಾದ ಮಾಡುತ್ತೇವೆ. ಹೊಣೆ ನನ್ನದು ಎನ್ನುವವರು ಸಿಗುವುದಿಲ್ಲ.

ಇದನ್ನು ನಾನು ಪರರನ್ನು ದೂರಲು ಬರೆಯುತ್ತಿಲ್ಲ. ನನ್ನಿಂದಲೇ ಆದ ತಪ್ಪೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ರಾಯಚೂರು ಜಿಲ್ಲೆಯ ಅರಕೇರಾದಲ್ಲಿ ಮಹಿಳೆಯರ ದರ್ಸ್ ಮುಗಿದ ಮೇಲೆ ಒಬ್ಬ ಸಹೋದರಿ ಪರದೆಯ ಆಚೆಯಿಂದ ಪ್ರಶ್ನೆ ಕೇಳಿದರು. ಪತಿ ಗೌಂಡಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದವರು, ಎರಡು ಮೂರು ತಿಂಗಳಿಗೊಮ್ಮೆ ಊರಿಗೆ ಬರುತ್ತಾರೆ. ಮಕ್ಕಳಿಬ್ಬರು, ಒಬ್ಬನಿಗೆ ಆರು ವರ್ಷ, ಇನ್ನೊಬ್ಬಳಿಗೆ ನಾಲ್ಕು. ದೊಡ್ಡವನು ಶಾಲೆಗೆ ಸೇರಿದ ಎರಡೇ ತಿಂಗಳಲ್ಲಿ ಊಟ ಬಿಟ್ಟ, ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದ, ಚೀಲ ಕಂಡರೆ ಮೂಲೆಗೆ ಸೇರುತ್ತಿದ್ದ. ತಾಯಿ ಅವನನ್ನು ಮನೆಯಲ್ಲಿಯೇ ಇರಿಸಿಕೊಂಡರು. ಬೆಣಚುಕಲ್ಲುಗಳಿಂದ ಎಣಿಕೆ, ಅಂಗಳದ ಮಣ್ಣಿನಲ್ಲಿ ಅಕ್ಷರ, ಅಂಗಡಿಗೆ ಕಳಿಸಿ ಚಿಲ್ಲರೆಯ ಲೆಕ್ಕ, ಮಲಗುವಾಗ ಪ್ರವಾದಿಗಳ ಕಥೆ, ಹೀಗೆ ಕಲಿಸುತ್ತಿದ್ದರು. ಮಗು ಮತ್ತೆ ನಗತೊಡಗಿತ್ತು. ಆದರೆ ಅತ್ತೆಯ ಮಾತು, ನೆರೆಯವರ ಮಾತು ನಿಲ್ಲಲಿಲ್ಲ. "ಏನಬೇ, ಮಗನ್ನ ದನಾ ಕಾಯಾಕ ಹಚ್ಚಾಕಿ ಅದಿಯೇನು?" ಎಂದು ದಿನವೂ ಕೇಳುವವರಿದ್ದರು.

ನಾನು ಪೂರ್ತಿ ಕೇಳುವ ಮೊದಲೇ ಉತ್ತರ ಕೊಟ್ಟೆ. ನಾಳೆಯೇ ಶಾಲೆಗೆ ಕಳಿಸಿರಿ, ಮಕ್ಕಳ ಹಟಕ್ಕೆ ಸೋಲಬೇಡಿರಿ ಎಂದೆ. ಆಗ ಆ ಸಹೋದರಿ ದಖ್ಖನಿಯಲ್ಲಿ ಹೇಳಿದ ಮಾತಿನ ಅರ್ಥ ಇಷ್ಟು: "ಹಜರತ್, ಬುದ್ಧಿ ಹೇಳಲು ಎಲ್ಲರೂ ಬಂದರು. ಒಂದು ತಾಸು ಆ ಮಗುವಿನ ಹತ್ತಿರ ಕುಳಿತುಕೊಳ್ಳಲು ಒಬ್ಬರೂ ಬರಲಿಲ್ಲ."

ಮದ್ರಸದಲ್ಲಿ ಎಂಟು ವರ್ಷ ಓದಿದವನು ನಾನು, ಕನ್ನಡದಲ್ಲಿ ಬಿ.ಎ. ಮಾಡಿದವನು, ಮಕ್ಕಳಿಗೆ ಕಲಿಸಿಯೇ ಹೊಟ್ಟೆ ಹೊರೆಯುವವನು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಈ ವಿಷಯವನ್ನು ಕುರಿತು ಓದಿದೆ, ಬಲ್ಲವರಲ್ಲಿ ವಿಚಾರಿಸಿದೆ. ಎಳೆಯ ಮಕ್ಕಳನ್ನು ಶಾಲೆಯ ಕಟ್ಟುಪಾಡಿಲ್ಲದೆ ಅವರ ಕುತೂಹಲದ ಬೆನ್ನು ಹಿಡಿದು ಬೆಳೆಸುವ ವಿಚಾರ ಇಂದು ಹಲವು ದೇಶಗಳಲ್ಲಿದೆ. ಜಾನ್ ಹೋಲ್ಟ್ ಎಂಬ ಅಮೆರಿಕದ ಶಿಕ್ಷಕರು 1977ರಲ್ಲಿ ಇದಕ್ಕಾಗಿಯೇ ಒಂದು ಪತ್ರಿಕೆ ಆರಂಭಿಸಿದರು. ಅದರ ಪುಟಗಳಲ್ಲಿ ಬಹುಭಾಗ ತಂದೆತಾಯಂದಿರ ಪತ್ರಗಳೇ ಆಗಿದ್ದವು. ಯಾವ ಊರಿನಲ್ಲಿ ಯಾವ ಕುಟುಂಬ ಹೀಗೆ ಕಲಿಸುತ್ತಿದೆ ಎಂಬ ಪಟ್ಟಿಯನ್ನೂ ಅದು ಪ್ರಕಟಿಸುತ್ತಿತ್ತು. ನಮ್ಮ ದೇಶದಲ್ಲಿಯೂ ಬೆಂಗಳೂರು, ಪುಣೆಯಂತಹ ನಗರಗಳಲ್ಲಿ ಇಂತಹ ಕುಟುಂಬಗಳು ಪರಸ್ಪರ ಭೇಟಿಯಾಗುತ್ತವೆ, ಮಕ್ಕಳನ್ನು ಒಟ್ಟಿಗೆ ಆಡಲು ಬಿಡುತ್ತವೆ. ಶಾಲೆಯನ್ನು ಬಿಟ್ಟವರೂ ಸಂಗಡವನ್ನು ಬಿಟ್ಟಿಲ್ಲ. ಅರಕೇರಾದ ಆ ತಾಯಿಗೆ ಇಲ್ಲದಿದ್ದುದು ಈ ಸಂಗಡವೇ.

ಇದು ನಮಗೆ ಹೊಸದೂ ಅಲ್ಲ. ಇಮಾಮ್ ಗಝಾಲಿ(ರಹ್ಮತುಲ್ಲಾಹಿ ಅಲೈಹಿ)ಯವರು ಮಗುವಿಗೆ ಪಾಠದ ನಂತರ ಆಟಕ್ಕೆ ಅವಕಾಶ ಬೇಕೆಂದೂ, ಆಟವನ್ನು ತಡೆದು ಸದಾ ಕಲಿಕೆಗೇ ದೂಡಿದರೆ ಅದರ ಹೃದಯ ಸತ್ತು ಬುದ್ಧಿ ಮಂಕಾಗುತ್ತದೆಂದೂ ಬರೆದಿದ್ದಾರೆ. ಇಬ್ನ್ ಖಲ್ದೂನರು ವಿದ್ಯಾರ್ಥಿಗಳ ಮೇಲಿನ ಕಠಿಣ ದಂಡನೆಯು ಅವರಲ್ಲಿ ಸುಳ್ಳು ಮತ್ತು ಕಪಟವನ್ನು ಬೆಳೆಸುತ್ತದೆಂದು ಎಚ್ಚರಿಸಿದ್ದಾರೆ. ಪ್ರವಾದಿವರ್ಯರು(ಸ) ಅಬೂ ಉಮೈರ್ ಎಂಬ ಪುಟ್ಟ ಬಾಲಕನನ್ನು ಅವನ ಸಾಕುಹಕ್ಕಿಯ ಬಗ್ಗೆ ವಿಚಾರಿಸುತ್ತಿದ್ದರು. ಉಮರ್ ಬಿನ್ ಅಬೀ ಸಲಮ(ರ)ರಿಗೆ ಊಟದ ಶಿಷ್ಟಾಚಾರವನ್ನು ಕಲಿಸಿದ್ದು ಜೊತೆಯಲ್ಲಿ ಉಣ್ಣುತ್ತಿರುವಾಗಲೇ.

ಆದರೆ ಇಲ್ಲಿಯೇ ಒಂದು ಎಚ್ಚರ ಅಗತ್ಯ. ಮನೆಯಲ್ಲಿ ಕಲಿಸುವುದು ಬೇರೆ, ಶಾಲೆ ಬಿಡಿಸುವುದು ಬೇರೆ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ನ್ನು ಮುಟ್ಟಿರಲಿಲ್ಲ, ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದು ಬರುತ್ತಿರಲಿಲ್ಲ. ಹತ್ತಿ ಬಿಡಿಸುವ ಕಾಲ ಬಂದರೆ ನಮ್ಮ ಭಾಗದ ತರಗತಿಗಳಲ್ಲಿ ಹಾಜರಿ ಇಳಿಯುವುದನ್ನು ನೀವೂ ಕಂಡಿದ್ದೀರಿ. ದುಡಿಮೆಗೆ ಹೋದ ತಾಯಂದಿರು ತಮ್ಮನ ತೊಟ್ಟಿಲು ತೂಗಲು ಅಕ್ಕನನ್ನು ಮನೆಯಲ್ಲಿ ಬಿಡುವುದನ್ನೂ ಕಂಡಿದ್ದೀರಿ. ಆದ್ದರಿಂದ ಮಗುವನ್ನು ಮನೆಯಲ್ಲಿ ಇರಿಸಿಕೊಂಡವರು ತಮ್ಮ ಅಂತಃಸಾಕ್ಷಿಗೆ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಈ ಮಗು ಕಲಿಯಲು ಮನೆಯಲ್ಲಿದೆಯೇ, ದುಡಿಯಲು ಇದೆಯೇ? ಮಗನಿಗೊಂದು ನ್ಯಾಯ, ಮಗಳಿಗೊಂದು ನ್ಯಾಯ ಆಗಿದೆಯೇ? ನನ್ನೊಬ್ಬಳನ್ನು ಬಿಟ್ಟು ಬೇರೆ ಯಾರಿಂದಾದರೂ ಈ ಮಗು ಏನನ್ನಾದರೂ ಕಲಿಯುತ್ತಿದೆಯೇ? ಪ್ರತಿಯೊಬ್ಬರೂ ತಮ್ಮ ಹೊಣೆಯಲ್ಲಿರುವವರ ಕುರಿತು ಪ್ರಶ್ನಿಸಲ್ಪಡುವರೆಂಬ ಹದೀಸನ್ನು ಬಲ್ಲವರು ಈ ಪ್ರಶ್ನೆಗಳನ್ನು ಹಗುರವಾಗಿ ಕಾಣಲಾರರು.

ಕಾನೂನನ್ನೂ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಅದರ ಹಕ್ಕು. ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದರ 10ನೆಯ ಸೆಕ್ಷನ್ ಹೇಳುತ್ತದೆ. ಆದುದರಿಂದ ಆರು ತುಂಬಿದ ಮಗುವಿನ ವಿಷಯವನ್ನು ಬಚ್ಚಿಡಬೇಡಿರಿ. ಮುಖ್ಯೋಪಾಧ್ಯಾಯರನ್ನು ಕಂಡು ಮಗುವಿನ ಸ್ಥಿತಿಯನ್ನು ಹೇಳಿರಿ. ಅದೇ ಕಾಯ್ದೆಯ 17ನೆಯ ಸೆಕ್ಷನ್ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ತಡವಾಗಿ ಬಂದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಸೆಕ್ಷನ್ ಹೇಳುತ್ತದೆ. ಮಗುವಿನ ಭಯಕ್ಕೆ ಕಾರಣ ಬೆತ್ತವಾಗಿದ್ದರೆ ಅದನ್ನು ಪ್ರಶ್ನಿಸುವ ಅಧಿಕಾರ ತಾಯಿಗಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುವುದು ಸಹಿ ಹಾಕುವುದಕ್ಕೆ ಮಾತ್ರವಲ್ಲ.

ಇನ್ನು ಆಸರೆಯ ಮಾತು. ಅದು ದೂರದಲ್ಲಿಲ್ಲ, ಕೇಳಲು ನಾಚಿಕೆ, ಕೊಡಲು ಸೋಮಾರಿತನ, ಇವೆರಡೇ ನಡುವೆ ನಿಂತಿವೆ.

ಕೊರೋನಾದ ದಿನಗಳನ್ನು ನೆನಪಿಸಿಕೊಳ್ಳಿರಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ, ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು ನಾವೆಲ್ಲರೂ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡ ಪಾಲಕರೇ ಆಗಿದ್ದೆವು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಎಂಬ ಯೋಜನೆಯಡಿ ಶಿಕ್ಷಕರು ಊರೊಳಗೆ ಬಂದು, ಕಟ್ಟೆಯ ಮೇಲೆ, ಮರದ ನೆರಳಲ್ಲಿ, ಸಮುದಾಯದ ಜಾಗಗಳಲ್ಲಿ ಸಣ್ಣ ಸಣ್ಣ ಗುಂಪು ಮಾಡಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆಗ ಯಾವ ಮನೆಗೆ ಒಬ್ಬ ಅಕ್ಕ, ಒಬ್ಬ ಮಾಮು, ಓದು ಬಲ್ಲ ಒಬ್ಬ ನೆರೆಯವರು ಇದ್ದರೋ ಆ ಮನೆಯ ಮಕ್ಕಳು ಕಲಿತದ್ದನ್ನು ಉಳಿಸಿಕೊಂಡರು. ಯಾರೂ ಇಲ್ಲದ ಮನೆಯ ಮಕ್ಕಳು ಅಕ್ಷರವನ್ನೇ ಮರೆತು ಬಂದರು. ಇದನ್ನು ನನ್ನ ತರಗತಿಯಲ್ಲಿಯೇ ಕಂಡಿದ್ದೇನೆ.

ಮೊದಲ ಆಸರೆ ಮನೆಯ ತಂದೆ. ದೂರದ ಊರಿನಲ್ಲಿದ್ದರೂ ರಾತ್ರಿ ಫೋನಿನಲ್ಲಿ ಹಣದ ಮಾತು ಮುಗಿದ ಮೇಲೆ ಹತ್ತು ನಿಮಿಷ ಮಗುವಿನಿಂದ ಕಥೆ ಕೇಳಬಹುದು. ತನ್ನ ತಾಯಿಗೆ "ಅಮ್ಮಿ, ಇದು ನಾವಿಬ್ಬರೂ ಸೇರಿ ಮಾಡಿದ ತೀರ್ಮಾನ" ಎಂದು ಹೇಳಬಹುದು. ಆ ಒಂದು ಮಾತಿಲ್ಲದೆ ಎಷ್ಟು ಸೊಸೆಯಂದಿರು ಒಳಗೊಳಗೇ ಬೇಯುತ್ತಿದ್ದಾರೆ! ಪವಿತ್ರ ಕುರ್‌ಆನಿನಲ್ಲಿ ಮಗನನ್ನು ಕೂರಿಸಿಕೊಂಡು ನಮಾಝ್, ಸಹನೆ, ನಡಿಗೆ, ಮೆಲುದನಿ ಇವೆಲ್ಲವನ್ನು ಬೋಧಿಸಿದ ಲುಕ್ಮಾನರು ತಂದೆಯಲ್ಲವೇ?

ಎರಡನೆಯದು ಅಜ್ಜಿ. ಟೀಕಿಸುವ ದಾದಿಯ ಕೈಗೇ ಒಂದು ಕೆಲಸ ಕೊಡಿರಿ. ಬೇಳೆ ಆರಿಸುವಾಗ ಎಣಿಕೆ, ರೊಟ್ಟಿ ಬಡಿಯುವಾಗ ಹಾಡು, ಸಂಜೆಗೊಂದು ದುಆ. ಕಲಿಸತೊಡಗಿದ ಅಜ್ಜಿ ಟೀಕಿಸುವುದನ್ನು ಬಿಡುತ್ತಾರೆ.

ಮೂರನೆಯದು ಊರಿನ ಸೌಲಭ್ಯಗಳು. ಆರು ವರ್ಷದೊಳಗಿನ ಮಗುವಿಗೆ ಅಂಗನವಾಡಿ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಮನೆಯಲ್ಲಿ ದಖ್ಖನಿ ಆಡುವ ನಮ್ಮ ಮಕ್ಕಳಿಗೆ ಕನ್ನಡ ಪುಸ್ತಕ ಕೈಗೆ ಸಿಗುವ ಹತ್ತಿರದ ಜಾಗ ಅದು.

ನಾಲ್ಕನೆಯದು ನೆರೆಹೊರೆ, ಯಾವ ಧರ್ಮದವರೇ ಇರಲಿ. ಬದ್ರ್ ಯುದ್ಧದ ಕೈದಿಗಳಲ್ಲಿ ಬಿಡುಗಡೆಯ ಹಣವಿಲ್ಲದ, ಆದರೆ ಬರಹ ಬಲ್ಲವರು, ಮದೀನಾದ ಹತ್ತು ಮಕ್ಕಳಿಗೆ ಕಲಿಸಿದರೆ ಸಾಕೆಂದು ಪ್ರವಾದಿವರ್ಯರು(ಸ) ತೀರ್ಮಾನಿಸಿದ್ದನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ನಿನ್ನೆ ಖಡ್ಗ ಹಿಡಿದು ಬಂದವರಿಂದಲೂ ಅಕ್ಷರ ಕಲಿಸಬಹುದಾದರೆ, ಪಕ್ಕದ ಮನೆಯ ನಿವೃತ್ತ ಮಾಸ್ತರರಿಂದ ಕಲಿಸಲು ಸಂಕೋಚವೇಕೆ?

ಕೊನೆಯದು ನಾವು, ಮಸೀದಿಯವರು, ಮದ್ರಸದವರು. ಇಮಾಮ್ ಶಾಫಿಈ(ರಹ್ಮತುಲ್ಲಾಹಿ ಅಲೈಹಿ)ಯವರು ತಂದೆಯನ್ನು ಕಳೆದುಕೊಂಡ ಬಾಲಕ. ತಾಯಿ ಅವರನ್ನು ಗಾಝಾದಿಂದ ಮಕ್ಕಾಕ್ಕೆ ಕರೆತಂದರು. ಗುರುಗಳಿಗೆ ಕೊಡಲು ಕೈಯಲ್ಲಿ ಹಣವಿರಲಿಲ್ಲ. ತಾನಿಲ್ಲದಾಗ ಉಳಿದ ಮಕ್ಕಳನ್ನು ನೋಡಿಕೊಂಡರೆ ಸಾಕೆಂದು ಗುರುಗಳು ಒಪ್ಪಿಕೊಂಡರು. ಕಾಗದವಿಲ್ಲದೆ ಮೂಳೆಗಳ ಮೇಲೆ ಬರೆದು ಕಲಿತ ಆ ಬಾಲಕ ಇಮಾಮರಾದರು. ಆ ತಾಯಿಯ ತ್ಯಾಗವನ್ನು ನಾವು ವೇದಿಕೆಯಲ್ಲಿ ಬಣ್ಣಿಸುತ್ತೇವೆ. ಆದರೆ ಶುಲ್ಕ ಬಿಟ್ಟ ಆ ಗುರುವಿನ ಹೆಸರು ನಮಗೆ ನೆನಪಿಲ್ಲ. ಅವರು ಬಾಗಿಲು ಹಾಕಿಕೊಂಡಿದ್ದರೆ?

ಸಹೋದರರೇ, ಅರಕೇರಾದ ಆ ಮನೆಗೆ ಈಗ ವಾರದಲ್ಲಿ ಎರಡು ಸಂಜೆ ಅಸರ್ ನಮಾಝಿನ ನಂತರ ಹೋಗುತ್ತೇನೆ. ಅಂಗಳದಲ್ಲಿ ಆ ಮಗುವಿನ ಜೊತೆ ಓಣಿಯ ಇನ್ನೂ ನಾಲ್ಕು ಮಕ್ಕಳು ಕೂರುತ್ತಾರೆ. ಪಕ್ಕದ ಮನೆಯ ಹಿರಿಯ ಮಾಸ್ತರರು ಕನ್ನಡ ಕಾಗುಣಿತ ಹೇಳಿಕೊಡುತ್ತಾರೆ. ತಾಯಿ ಮುಖ್ಯೋಪಾಧ್ಯಾಯರನ್ನು ಕಂಡು ಬಂದಿದ್ದಾರೆ. ಹುಡುಗ ಮೊದಲು ಅರ್ಧ ದಿನ ಬಂದು ಕೂರಲಿ ಎಂದು ಅವರು ಹೇಳಿದ್ದಾರೆ. ಹೋದ ವಾರ ಅವನು ಶಾಲೆಯ ಗೇಟಿನವರೆಗೆ ಹೋಗಿ ತಿರುಗಿ ಬಂದ. ಯಾರೂ ಬಯ್ಯಲಿಲ್ಲ. ಮುಂದಿನ ವಾರ ಮತ್ತೆ ಹೋಗುವ ಮಾತಾಗಿದೆ. ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಆದರೆ ಈಗ ಆ ತಾಯಿ ಒಬ್ಬರೇ ಇಲ್ಲ.

ನಿಮ್ಮ ಓಣಿಯಲ್ಲಿಯೂ ಇಂತಹ ಒಬ್ಬ ತಾಯಿ ಇರಬಹುದು. ಅವರ ತೀರ್ಮಾನ ನಿಮಗೆ ಒಪ್ಪಿಗೆಯಾಗದೆಯೂ ಇರಬಹುದು. ಆದರೂ ಬುದ್ಧಿ ಹೇಳುವ ಮೊದಲು ಒಂದು ತಾಸು ಆ ಮಗುವಿನ ಹತ್ತಿರ ಕುಳಿತುಕೊಳ್ಳಿರಿ. ಆಮೇಲೆ ಹೇಳುವ ಮಾತಿಗೆ ಬೆಲೆ ಬರುತ್ತದೆ. ಮತ್ತು ಮನೆಯಲ್ಲಿ ಕಲಿಸುತ್ತಿರುವ ಸಹೋದರಿಯರೇ, ಸಹಾಯ ಕೇಳುವುದು ಸೋಲಲ್ಲ. ಮರ್ಯಮ್(ಅ)ರಂತಹವರಿಗೇ ಪೋಷಕರನ್ನು ಒದಗಿಸಿದ ಅಲ್ಲಾಹನು ನಿಮ್ಮ ಮಕ್ಕಳಿಗೂ ಒದಗಿಸುವನು.

ನಮ್ಮ ಸಂತತಿಯನ್ನು ನಮ್ಮ ಕಣ್ಣಿಗೆ ತಂಪಾಗಿಸು, ಅವರ ಕಲಿಕೆಯಲ್ಲಿ ಭಯದ ಬದಲು ಪ್ರೀತಿಯನ್ನಿಡು, ಪರರ ಮಕ್ಕಳ ಹೊಣೆಗೆ ಹೆಗಲು ಕೊಡುವ ಮನಸ್ಸನ್ನು ನಮಗೆಲ್ಲ ದಯಪಾಲಿಸು ಎಂದು ಅಲ್ಲಾಹನಲ್ಲಿ ಪ್ರಾರ್ಥಿಸೋಣ. ಆಮೀನ್.