ನೀರು ಇಳಿಯದ ಬಾತ್‌ಟಬ್

ನರಕ ಚತುರ್ದಶಿಯ ಬೆಳಗ್ಗೆ ಅಮೆರಿಕದ ಕನ್ನಡಿಗರ ಮನೆಗಳಲ್ಲೂ ಹಿರಿಯರು ಕಿರಿಯರ ನೆತ್ತಿಗೆ ಎಣ್ಣೆ ತಟ್ಟುತ್ತಾರೆ. ಹಂಡೆಯ ಬದಲು ವಾಟರ್ ಹೀಟರ್, ಬಚ್ಚಲಿನ ಬದಲು ಬಾತ್‌ಟಬ್. ಒಬ್ಬರಾದ ಮೇಲೊಬ್ಬರು ಮಿಂದು ಮುಗಿಸುವ ಹೊತ್ತಿಗೆ ಎಷ್ಟೋ ಮನೆಗಳ ಟಬ್ಬಿನಲ್ಲಿ ಪಾದ ಮುಳುಗುವಷ್ಟು ನೀರು ನಿಂತಿರುತ್ತದೆ. ಲಿವರ್ ಎತ್ತಿದರೂ ಇಳಿಸಿದರೂ ನೀರಿನ ದಾರಿ ಮುಚ್ಚಿ ತೆರೆಯುವ ಸ್ಟಾಪರ್ ಕದಲುವುದಿಲ್ಲ.

ಊರಿನ ಬಚ್ಚಲಲ್ಲಿ ನೆಲಕ್ಕೇ ಇಳಿಜಾರು ಕೊಟ್ಟಿರುತ್ತಾರೆ. ನೀರು ಕಟ್ಟಿಕೊಂಡರೆ ಮೂಲೆಯ ಜಾಲರಿ ಎತ್ತಿ ಕಸ ತೆಗೆದರಾಯಿತು. ಅಮೆರಿಕದ ಮನೆಗಳ ಬಾತ್‌ರೂಮಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗಲು ದಾರಿಯೇ ಇರುವುದಿಲ್ಲ. ಮನೆಯ ಚೌಕಟ್ಟು ಬಹುಪಾಲು ಮರದ್ದು. ಟಬ್ ತುಂಬಿ ಚೆಲ್ಲಿದರೆ ಕೆಳಗಿನ ಕೋಣೆಯ ಸೀಲಿಂಗ್ ನೆನೆಯುತ್ತದೆ. ಟಬ್ಬಿನ ಗೋಡೆಯಲ್ಲಿ ನಲ್ಲಿಯ ಕೆಳಗೆ ಕಾಣುವ ದುಂಡು ತಗಡಿನ ಹಿಂದೆ ಹೆಚ್ಚಾದ ನೀರಿಗಾಗಿ ಒಂದು ಕೊಳವೆ ಇರುವುದು ಇದಕ್ಕಾಗಿಯೇ.

ಹಳೆಯ ಮನೆಗಳಲ್ಲಿ ಸ್ಟಾಪರ್ ಅಡಗಿರುವುದೂ ಆ ಕೊಳವೆಯೊಳಗೇ. ತಗಡಿನ ಮೇಲಿನ ಲಿವರಿಗೆ ಒಂದು ಸರಳು, ಸರಳಿನ ತುದಿಗೆ ಹಿತ್ತಾಳೆಯ ಗುಂಡು. ಲಿವರ್ ಆಡಿಸಿದಾಗ ಗುಂಡು ಕೆಳಗಿಳಿದು ನೀರಿನ ದಾರಿ ಮುಚ್ಚುತ್ತದೆ, ಮೇಲೇರಿದಾಗ ಬಿಡುತ್ತದೆ. ಇದು ಮುರಿಯುವುದು ಅಪರೂಪ, ಸಿಕ್ಕಿಕೊಳ್ಳುವುದೇ ಹೆಚ್ಚು. ಉದುರಿದ ಉದ್ದ ಕೂದಲು ಗುಂಡಿಗೆ ಸುತ್ತಿಕೊಳ್ಳುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ತಣ್ಣನೆಯ ಪೈಪಿನಲ್ಲಿ ಅದು ಕೂದಲನ್ನು ಗೋಡೆಗೆ ಮೆತ್ತಿಬಿಡುತ್ತದೆ. ಸೀಗೆಪುಡಿ, ಕಡಲೆಹಿಟ್ಟಿನ ಗಸಿಯೂ ಅಲ್ಲೇ ಕೂರುತ್ತದೆ.

ರಿಪೇರಿಗೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಕತ್ತರಿ, ಹಳೆಯ ಟೂತ್‌ಬ್ರಷ್, ಕೈಗವಸು.

ಮೊದಲು ನಿಂತ ನೀರನ್ನು ಚೊಂಬಿನಲ್ಲಿ ತೋಡಿ ಹಾಕಬೇಕು. ಕಳಚಿದ ಸ್ಕ್ರೂ ಉರುಳಿಹೋಗದಂತೆ ಡ್ರೈನಿನ ಬಾಯಿಗೆ ಬಟ್ಟೆ ಹಾಕಬೇಕು. ತಗಡಿನ ಎರಡು ಸ್ಕ್ರೂ ಬಿಚ್ಚಿ, ತಗಡನ್ನು ಹಿಡಿದು ಮೆಲ್ಲಗೆ ಅತ್ತಿತ್ತ ಆಡಿಸುತ್ತ ಎಳೆದರೆ ಸರಳು, ಗುಂಡು ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಗುಂಡಿನ ಸುತ್ತ ಕಪ್ಪು ಕೂದಲಿನ ಜಡೆ, ಅದರ ಮೇಲೆ ಬೂದುಬಣ್ಣದ ಲೋಳೆ. ಅದನ್ನು ಕತ್ತರಿಸಿ ತೆಗೆದು, ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಬೇಕು. ಸುಣ್ಣ ಕಟ್ಟಿದ್ದರೆ ಅರ್ಧ ಗಂಟೆ ವಿನೆಗರಿನಲ್ಲಿ ನೆನೆಹಾಕಿದರೆ ಬಿಡುತ್ತದೆ. ಮತ್ತೆ ಜೋಡಿಸಿದ ಮೇಲೆ ಟಬ್ಬಿನಲ್ಲಿ ನೀರು ನಿಲ್ಲದಿದ್ದರೆ ಸರಳಿನ ನಟ್ ಸಡಿಲಿಸಿ ಉದ್ದ ಕೊಂಚ ಹೆಚ್ಚಿಸಬೇಕು. ತೆರೆದಾಗಲೂ ನೀರು ನಿಧಾನವಾಗಿ ಇಳಿದರೆ ಕಡಿಮೆ ಮಾಡಬೇಕು.

ಹೊಸ ಮನೆಗಳ ಸ್ಟಾಪರ್ ಡ್ರೈನಿನ ಬಾಯಲ್ಲೇ ಕಾಣುತ್ತದೆ. ಕಾಲ್ಬೆರಳಿನಿಂದ ಒತ್ತುವ ಬಗೆಯದನ್ನು ಸಾಮಾನ್ಯವಾಗಿ ಮೇಲೆತ್ತಿ ಎಡಕ್ಕೆ ತಿರುಗಿಸಿದರೆ ಕಳಚುತ್ತದೆ. ಎತ್ತಿ ತಿರುಗಿಸುವ ಬಗೆಯದರ ಗುಬುಟಿನ ಪಕ್ಕದಲ್ಲಿ ಹಲವು ವೇಳೆ ಸಣ್ಣ ಸ್ಕ್ರೂ ಅಡಗಿರುತ್ತದೆ.

ಅವಸರಕ್ಕೆ ಡ್ರೈನ್ ಕ್ಲೀನರ್ ಸುರಿಯುವ ಅಭ್ಯಾಸ ಮಾತ್ರ ಬಿಡಬೇಕು. ಅಂಥ ಹಲವು ದ್ರಾವಣಗಳಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್. ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ಅದನ್ನು ಸುರಿದೂ ನೀರು ಇಳಿಯದಿದ್ದರೆ, ಆಮೇಲೆ ಕೈ ಹಾಕಬೇಕಾದದ್ದು ಅದೇ ನೀರಿಗೆ. ಬ್ಲೀಚಿಗೆ ವಿನೆಗರ್ ಬೆರೆಸಿದರಂತೂ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ತುಕ್ಕು ಹಿಡಿದ ಸ್ಕ್ರೂ ತುಂಡಾದರೆ, ಟಬ್ಬಿನ ಜೊತೆಗೆ ಕಮೋಡಿನಲ್ಲೂ ನೀರು ಮೇಲೆ ಬಂದರೆ ಪ್ಲಂಬರನ್ನೇ ಕರೆಸಬೇಕು; ಎರಡನೆಯದು ಸಾಮಾನ್ಯವಾಗಿ ಮನೆಯ ಮುಖ್ಯ ಕೊಳವೆಯ ತೊಂದರೆ. ಬಾಡಿಗೆ ಮನೆಯಾದರೆ ಮೊದಲ ಕರೆ ಮಾಲೀಕರಿಗೆ. ಆಗಲೂ ‘ಸ್ಟಾಪರ್ ತೆಗೆದು ನೋಡಿದ್ದೇವೆ, ತಡೆ ಅದರಾಚೆ ಇದೆ’ ಎಂದು ಹೇಳಿದರೆ, ಬಂದವರು ನೇರವಾಗಿ ಅಲ್ಲಿಂದಲೇ ಕೆಲಸ ಶುರು ಮಾಡಬಹುದು.